ಬಾಯಿ ತೆರೆಸಿ, ಹಲ್ಲು ನೋಡಿ ಕೊಂಡ ಡಿಸ್ಕ್ ಪ್ಲೇಯರ್

ದನದ ಡಾಕ್ಟರಿಗೆ ಸಂಗೀತದ ಹುಚ್ಚು ಹಿಡಿಯಬಾರದು ಅಂತ ಸರ್ಕಾರದ ಯಾವ ಆದೇಶದಲ್ಲೂ ಇಲ್ಲ. ಆದರೆ ಹಿಡಿದರೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ ಅನ್ನುವುದಕ್ಕೆ ನಾನೇ ಸಾಕ್ಷಿ. ಎಲ್ಲಿಗೆ ವರ್ಗವಾದರೂ ನನ್ನ ಜೊತೆ ಎರಡು ಪೆಟ್ಟಿಗೆ ಹೋಗುತ್ತಿದ್ದವು. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಹಾಡಿನ ಡಿಸ್ಕು. ಆ ಎರಡನೆಯದರ ತಳದಲ್ಲಿ ಐದು ಡಿಸ್ಕುಗಳಿದ್ದವು. ಕೊಂಡು ಹನ್ನೆರಡು ವರ್ಷವಾದರೂ ಒಮ್ಮೆಯೂ ಕೇಳಿರಲಿಲ್ಲ. ಅವು ಸೂಪರ್ ಆಡಿಯೋ ಅನ್ನುವ ಮೇಲು ಜಾತಿಯವು. ಸಾದಾ ಪ್ಲೇಯರಿಗೆ ಹಾಕಿದರೆ ಅದು ನಾಲಿಗೆಯಿಂದ ಮಾತ್ರೆ ನೂಕುವ ಎಮ್ಮೆಯ ಹಾಗೆ ಹೊರಗೆ ನೂಕುತ್ತಿತ್ತು. ಎಲ್ಲ ಜಾತಿಯ ಡಿಸ್ಕುಗಳನ್ನೂ ಓದುವ ಯುನಿವರ್ಸಲ್ ಪ್ಲೇಯರ್ ಬೇಕಿತ್ತು. ಸಾಯುವುದರೊಳಗೆ ಆ ಐದನ್ನು ಕೇಳಬೇಕು, ನನ್ನದು ಅಷ್ಟೇ ಆಸೆ.

ಮುದ್ದೇಬಿಹಾಳ: ಕಣ್ಣು ಮುಚ್ಚಿ ಕೂತದ್ದು

ಹಾಡು ಕೇಳುವುದಕ್ಕೂ ಒಂದು ಪದ್ಧತಿ ಇದೆ. ಎರಡು ಸ್ಪೀಕರುಗಳ ಮುಂದೆ ಸರಿಯಾಗಿ ನಡುವೆ ಕುರ್ಚಿ ಹಾಕಿಕೊಂಡು, ಅಲುಗಾಡದೆ, ಕಣ್ಣು ಮುಚ್ಚಿ ಕೂರಬೇಕು. ಒಂದು ರವಿವಾರ ಮಧ್ಯಾಹ್ನ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಊದಿನಕಡ್ಡಿ ಹಚ್ಚಿಟ್ಟು ಹಾಗೆ ಕೂತಿದ್ದೆ. ಹೆಂಡತಿ ತವರಿಗೆ ಹೋಗಿದ್ದಳು. ಡಿಸ್ಕ್ ಮುಗಿದಿತ್ತು, ನಾನಿನ್ನೂ ಅದರ ಗುಂಗಿನಲ್ಲೇ ಇದ್ದೆ. ನಿದ್ದೆ ಹೋಗಿದ್ದೆ ಅನ್ನುವುದು ಹೆಂಡತಿಯ ವಾದ, ಅದಿರಲಿ.

ಆಗ ಒಬ್ಬ ರೈತ ಬಂದು ಕಿಟಕಿಯಲ್ಲಿ ಇಣುಕಿದ. ನಮ್ಮ ಕಡೆ ಬಹಳ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಕೂರಿಸುತ್ತಾರೆ. ಅವನು ನೋಡಿದ್ದು ಕೂತ ಡಾಕ್ಟರು, ಮುಚ್ಚಿದ ಕಣ್ಣು, ವಿಭೂತಿ, ಊದಿನಕಡ್ಡಿ. ಐದು ನಿಮಿಷದಲ್ಲಿ ಓಣಿಯೇ ನೆರೆಯಿತು. "ಎಂಥಾ ಬಂಗಾರದಂಥ ಡಾಕ್ಟರ್ ಇದ್ದ್ಯೋ ನನ್ನಪ್ಪಾ!" ಅಂತ ಒಬ್ಬ ಮುದುಕಿ ರಾಗ ತೆಗೆದಾಗ ನಾನು ಕಣ್ಣು ಬಿಟ್ಟೆ.

ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವನು ಆ ರೈತನೇ. ನಾನು ಎದ್ದು ಅವನ ಹೆಗಲ ಮೇಲೆ ಕೈ ಇಟ್ಟೆ. "ನನ್ನ ಸಲುವಾಗಿ ಇಷ್ಟ ಅತ್ತ್ಯಾ?" ಅಂದೆ.

"ಇಲ್ರಿ ಸಾಹೇಬ್ರ, ನಮ್ಮ ಎಮ್ಮಿ ಹೊಟ್ಟಿ ಉಬ್ಬೈತಿ. ಸರ್ಕಾರ ಇನ್ನೊಬ್ಬ ಡಾಕ್ಟರ್ ಕಳಸೂತನ ಅದು ಎಲ್ಲಿ ಉಳೀತೈತಿ ಅಂತ ಅಳು ಬಂತ್ರಿ."

ಸಿಂದಗಿ: ಎಡಗೈ ತಬಲಾ

ಹೆಚ್ಚಿನ ಬೆಲೆಯ ಪ್ಲೇಯರಿನಲ್ಲಿ ಹಾಡು ನಿಜವಾಗಿಯೂ ಬೇರೆ ಕೇಳುತ್ತದೆಯೇ ಎಂದು ಹೆಂಡತಿಗೆ ಸಂಶಯ. ಅದನ್ನು ಪರಿಹರಿಸಲು ಕಾಲೇಜಿನ ಉಪನ್ಯಾಸಕರೊಬ್ಬರಿಂದ ಒಂದು ಮೇಲುದರ್ಜೆಯ ಪ್ಲೇಯರ್ ಎರವಲು ತಂದೆ. ಅದು ನನ್ನ ಐದು ಡಿಸ್ಕುಗಳನ್ನು ಓದುತ್ತಿರಲಿಲ್ಲ, ಆದರೆ ದನಿ ಒಳ್ಳೆಯದು ಅಂತ ಹೆಸರಿತ್ತು. ನಮ್ಮ ಹಳೆಯದನ್ನೂ ಅದನ್ನೂ ಅಕ್ಕಪಕ್ಕ ಇಟ್ಟು ಪರದೆ ಎಳೆದೆ. ನನಗೆ ಹೇಳದೆ ವಾಯರ್ ಬದಲಿಸುವುದು ಅವಳ ಕೆಲಸ, ಕೇಳಿ ಗುರುತಿಸುವುದು ನನ್ನದು.

ಮೊದಲನೆಯದು ಮುಗಿಯಿತು. "ಇದು ನಮ್ಮ ಹಳೇದು. ದನಿ ಒಣಾ ಒಣಾ ಐತಿ" ಅಂದೆ.

ಸ್ವಲ್ಪ ಹೊತ್ತಿಗೆ "ಹೂಂ, ಈಗ ಕೇಳ್ರಿ" ಅಂತ ಅವಳ ದನಿ ಬಂತು.

"ಆಹಾ! ಇದು ಅವರದು! ತಬಲಾದ ಎಡಗೈ ನೋಡು, ಹೆಂಗ ತುಂಬಿ ಬರಾಕತ್ತೈತಿ! ಬಾಜೂಕ ಕುಂತು ಬಾರಿಸಿದಂಗ ಐತಿ!"

ಅವಳು ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಹೊರಗೆ ಬಂದಳು. "ವಾಯರ್ ಗೀಯರ್ ಏನೂ ಮುಟ್ಟಿಲ್ಲರಿ. ಹಂಚು ಕಾದಿತ್ತು, ರೊಟ್ಟಿ ಬಡೀಲಿಕ್ಕೆ ಕುಂತಿದ್ದೆ."

ಊಟಕ್ಕೆ ಕೂತಾಗ ಬಡಿಸುತ್ತ ಕೇಳಿದಳು: "ರೊಟ್ಟಿ ಬೆಂದಾವೋ ಇಲ್ಲೋ, ತಿನ್ನೂಕಿಂತ ಮೊದಲ ಕಿವಿಗೆ ಹಿಡಿದು ಹೇಳ್ರಿ."

ಇಂಡಿ: ಎಲ್ಲಾ ಐತಿ

ಹೆಂಡತಿ ಒಪ್ಪಿದ್ದು ಇಂಡಿಯಲ್ಲಿ. "ಒಂದ ಸಲ ತರ್ರಿ, ಛಲೋದ ತರ್ರಿ. ಅದರಾಗ ಆ ಐದು ಡಿಸ್ಕ್ ಹಾಡಲಿಲ್ಲಂದ್ರ, ಅವನ್ನೂ ಮನ್ಯಾಗಿನ ಎಲ್ಲಾ ಡಬ್ಬಿಗಳನ್ನೂ ಕೂಡಿಸಿ ಗುಜರಿಗೆ ಹಾಕ್ತೇನಿ." ಅವಳು ಆಡಿದ ಮಾತು ತಪ್ಪುವವಳಲ್ಲ.

ನಾನು ಅವಸರದಲ್ಲಿ ಪೇಟೆಯ ಅಂಗಡಿಗೇ ಹೋಗಿ ಯುನಿವರ್ಸಲ್ ಪ್ಲೇಯರ್ ಐತೇನು ಅಂತ ಕೇಳಿದೆ. ಅಂಗಡಿಯವನು ಹಿಗ್ಗಿ ಒಂದು ಕೆಂಪು ಡಬ್ಬಿ ಇಳಿಸಿದ. "ತಗೋರಿ, ಇದರಂಥ ಯುನಿವರ್ಸಲ್ ಜಿಲ್ಲಾದಾಗ ಇಲ್ಲ. ಪೆನ್ ಡ್ರೈವ್ ಹಾಡ್ತೈತಿ, ಮೆಮರಿ ಕಾರ್ಡ್ ಹಾಡ್ತೈತಿ, ರೇಡಿಯೋ ಐತಿ, ಮೊಬೈಲ್ ಚಾರ್ಜ್ ಮಾಡ್ತೈತಿ, ಕರೆಂಟ್ ಹೋದ್ರ ಬ್ಯಾಟರಿ ದೀಪಾನೂ ಐತಿ."

"ಡಿಸ್ಕ್ ಎಲ್ಲಿ ಹಾಕೋದು?"

ಅವನು ಡಬ್ಬಿಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ. "ಅದೊಂದು ಬಿಟ್ಟು ಎಲ್ಲಾ ಐತಿ ನೋಡ್ರಿ."

ಬಸವನ ಬಾಗೇವಾಡಿ: ಟವೆಲ್ಲಿನ ಕೆಳಗೆ

ಬಾಗೇವಾಡಿಗೆ ಬಂದ ಮೇಲೆ ಯೋಗ ಕೂಡಿ ಬಂತು. ಆಲಮಟ್ಟಿಯಲ್ಲಿದ್ದ ಮೈಸೂರು ಕಡೆಯ ಅಧಿಕಾರಿಯೊಬ್ಬರು ನಿವೃತ್ತರಾಗಿ ಊರಿಗೆ ಹೊರಟಿದ್ದರು. ತಮ್ಮ ಯುನಿವರ್ಸಲ್ ಪ್ಲೇಯರನ್ನು ಮಾರಿಹೋಗುವವರಿದ್ದರು. ಫೋನಿನಲ್ಲಿ ನಲವತ್ತು ಸಾವಿರ ಅಂದರು. ಚೌಕಾಶಿ ನನಗೆ ಬರುವುದಿಲ್ಲ. ಅದಕ್ಕೆ ದನದ ಸಂತೆಯ ದಲ್ಲಾಳಿಯೊಬ್ಬನನ್ನು ಜೊತೆಗೆ ಕರೆದುಕೊಂಡೆ. ಅವನ ಎತ್ತುಗಳಿಗೆಲ್ಲ ನಾನೇ ಡಾಕ್ಟರು, ಅವನನ್ನು ನಾನು ಕರೆಯುವುದು ಕಾಕಾ ಅಂತ.

ಬಸ್ಸಿನಲ್ಲೇ ಪಾಠ ಶುರುವಾಯಿತು. "ಸಾಹೇಬ್ರ, ಮಾಲು ಮನಸಿಗೆ ಬಂದೈತಿ ಅಂತ ಮಾರಾವ್ರಿಗೆ ತೋರಸಬಾರದು. ಮುಖ ಗಂಟ ಹಾಕ್ಕೊಂಡು ನಿಂದರ್ರಿ."

ಅಧಿಕಾರಿಗಳ ಮನೆ ಮುಟ್ಟಿದ ಕೂಡಲೆ ಕಾಕಾ ಪ್ಲೇಯರಿನ ಸುತ್ತ ಎರಡು ಸುತ್ತು ಬಂದ. ಬೆನ್ನು ಸವರಿದ. ಎತ್ತಿ ನೋಡಿ "ಮೈಯಾಗ ಕಸುವೈತಿ" ಅಂದ. ಆಮೇಲೆ "ಬಾಯಿ ತೆಗಸ್ರಿ" ಅಂದ. ಅಧಿಕಾರಿಗಳು ಗುಂಡಿ ಒತ್ತಿದರು, ಡಿಸ್ಕಿನ ತಟ್ಟೆ ಮೆಲ್ಲಗೆ ಹೊರಗೆ ಬಂತು. ಕಾಕಾ ಬಗ್ಗಿ ಒಳಗೆ ನೋಡಿ, "ಹಲ್ಲ ಇಲ್ಲ. ವಯಸ್ಸಾಗೈತಿ" ಅಂತ ತಲೆ ಅಲ್ಲಾಡಿಸಿದ. ಅಧಿಕಾರಿಗಳ ಮುಖ ಸಣ್ಣದಾಯಿತು.

ನಾನು ಜೊತೆಗೆ ತಂದಿದ್ದ ಐದು ಡಿಸ್ಕುಗಳಲ್ಲಿ ಒಂದನ್ನು ಇಟ್ಟೆ. ತಟ್ಟೆ ಒಳಗೆ ಹೋಯಿತು. ಯಂತ್ರ ಯೋಚಿಸಿತು. ಗುಜರಿಯವನ ತಕ್ಕಡಿ ನನ್ನ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ತಂಬೂರಿ ಮಿಡಿಯಿತು. ಹನ್ನೆರಡು ವರ್ಷ ಮುಚ್ಚಿಟ್ಟಿದ್ದ ದನಿ ಎದುರಿಗೇ ಕೂತು ಹಾಡಿತು. ಆ ಸುಖ ಹೇಳಿ ತೀರದು, ನಾನು ಅತ್ತೇಬಿಟ್ಟೆ. ನನ್ನನ್ನು ನೋಡಿ ಅಧಿಕಾರಿಗಳ ಕಣ್ಣಲ್ಲೂ ನೀರು ಬಂತು.

"ಕೆಡಸಿದ್ರಿ" ಅಂತ ಹಲ್ಲು ಕಡಿದ ಕಾಕಾ, ಹೆಗಲ ಮೇಲಿನ ಟವೆಲ್ ತೆಗೆದು ಅಧಿಕಾರಿಗಳ ಕೈಮೇಲೆ ಹಾಕಿ, ಅದರ ಕೆಳಗೆ ಅವರ ಕೈ ಹಿಡಿದ. ನಮ್ಮ ಸಂತೆಯಲ್ಲಿ ಬೆಲೆ ಬಾಯಲ್ಲಿ ಆಡುವುದಿಲ್ಲ. ಮೂರು ಬೆರಳು ಹಿಡಿದರೆ ಮೂವತ್ತು ಸಾವಿರ, ಇಡೀ ಕೈ ಹಿಡಿದರೆ ಐವತ್ತು. ಕಾಕಾ ಮೂರು ಹಿಡಿದ. ಮೈಸೂರಿನವರಿಗೆ ಇದೇನು ಗೊತ್ತು? ಇನ್ನೊಂದು ಕೈಯನ್ನೂ ತಂದು ಕಾಕಾನ ಇಡೀ ಕೈ ಅದುಮಿದರು. ಕಾಕಾ ಬೆಚ್ಚಿ ನಾಲ್ಕಕ್ಕೆ ಏರಿದ. ಅವರು ಮತ್ತೂ ಗಟ್ಟಿಯಾಗಿ ಅದುಮಿದರು. ಕಾಕಾ ನನ್ನ ಒದ್ದೆ ಮುಖ ನೋಡಿದ, ನಿಟ್ಟುಸಿರು ಬಿಟ್ಟ, ಟವೆಲ್ ಝಾಡಿಸಿದ. "ಆತು! ಐವತ್ತಕ್ಕ ಮುಗೀತು!"

"ಐವತ್ತೇ? ನಾನು ನಲವತ್ತು ಅಂದಿದ್ದೆ ಅಲ್ವಾ?" ಅಧಿಕಾರಿಗಳು ಕಣ್ಣು ಒರೆಸಿಕೊಂಡರು. "ಮಗು ಥರ ಸಾಕಿದ ಮೆಷಿನ್ನು ಸ್ವಾಮಿ. ನಿಮ್ಮವರು ಸಮಾಧಾನ ಮಾಡ್ತಿದಾರೆ ಅಂದ್ಕೊಂಡೆ. ಇಷ್ಟು ಪ್ರೀತಿಯಿಂದ ನನ್ನ ಕೈ ಯಾರೂ ಹಿಡಿದಿರಲಿಲ್ಲ. ಮೂವತ್ತು ಕೊಡಿ, ಸಾಕು."

ಕಾಕಾ ಎದ್ದು ನಿಂತ. "ಅದ್ಹೆಂಗ ಆಕ್ಕೈತ್ರಿ? ಟವೆಲ್ಲಿನ ಕೆಳಗ ಆದ ಮಾತು ದೇವರ ಮುಂದ ಆದಂಗ. ಐವತ್ತು ಅಂದ್ರ ಐವತ್ತ! ನಾಳಿ ಸಂತ್ಯಾಗ ನನ್ನ ಟವೆಲ್ಲಿಗೆ ಯಾವ ಮಗ ಕೈ ಕೊಡ್ತಾನ?"

ಮಾರುವವರು ಇಳಿಸುತ್ತಿದ್ದಾರೆ, ನನ್ನ ಕಡೆಯವನು ಏರಿಸುತ್ತಿದ್ದಾನೆ. ನಡುವೆ ಬಾಯಿ ಹಾಕಲು ಹೋದರೆ "ನೀವು ಸುಮ್ಕಿರ್ರಿ, ನಿಮಗ ಯಾಪಾರ ತಿಳಿಯೂದಿಲ್ಲ" ಅಂತ ನನ್ನನ್ನೇ ಗದರಿಸಿದ. ಕೊನೆಗೆ ಅವರ ಮನೆಯಾಕೆ ಚಹಾ ತಂದು, "ಫೋನಲ್ಲಿ ಹೇಳಿದ್ದಕ್ಕೇ ಮುಗಿಸ್ರಪ್ಪ" ಅಂದಮೇಲೆ ನಲವತ್ತಕ್ಕೆ ನಿಂತಿತು.

ಬಸ್ಸಿನಲ್ಲಿ ಪ್ಲೇಯರನ್ನು ತೊಡೆಯ ಮೇಲೆ ಅವಚಿಕೊಂಡು ಕೂತಿದ್ದೆ. ಪಕ್ಕದಲ್ಲಿ ಕಾಕಾ ಗೆದ್ದವನ ಹಾಗೆ ಎಲೆಯಡಿಕೆ ಹಾಕಿಕೊಂಡು ಹೇಳಿದ:

"ಸಾಹೇಬ್ರ, ನಾ ಸಂಗಾಟ ಬಂದಿದ್ದ ಛಲೋ ಆತು. ಇಲ್ಲಂದ್ರ ಅವರು ನಿಮಗ ಮೂವತ್ತಕ್ಕ ಕೊಟ್ಟ ಕಳಸ್ತಿದ್ರು!"