ಕಾರಿನ ಉಸಿರು, ಕುಕ್ಕರಿನ ರಬ್ಬರು

ಅಂಗಡಿಯಿಂದ ತಂದ ಯಾವ ವಸ್ತುವನ್ನಾದರೂ ವಾಪಸ್ ಕೊಟ್ಟು ಬರಬಲ್ಲೆ ಎಂಬುದು ನನ್ನ ಬಗ್ಗೆ ನನಗಿರುವ ಒಂದೇ ಒಂದು ಹೆಮ್ಮೆ. ಒಳಗೆ ಬೆಳ್ಳಗಿದ್ದ ಕಲ್ಲಂಗಡಿಯನ್ನು ಕೊಯ್ದ ಮೇಲೂ ಹೊತ್ತುಕೊಂಡು ಹೋಗಿ ಕೊಟ್ಟವಳು ನಾನು. ಒಮ್ಮೆ ನೀರಿಗೆ ಹಾಕಿದ ಮೇಲೆ ಬಣ್ಣ ಬಿಟ್ಟ ಸೀರೆಯನ್ನು ಒದ್ದೆಯಾಗಿಯೇ ಶಿರಸಿ ಪೇಟೆಯ ಅಂಗಡಿಯ ಗಾಜಿನ ಕಟ್ಟೆಯ ಮೇಲೆ ಹರವಿದ್ದೆ. ಸಿದ್ದಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಲೆಕ್ಕ ಸರಿಹೋಗದಿದ್ದರೆ ನಿದ್ದೆ ಬರುವುದಿಲ್ಲ. ನಮ್ಮವರು ಪೂರ್ತಿ ಉಲ್ಟಾ. ಅವರ ಬಾಯಲ್ಲಿ 'ಇದು ಬೇಡ' ಎಂಬ ಮಾತೇ ಹುಟ್ಟುತ್ತಿರಲಿಲ್ಲ. ಕಾಲಿಗೆ ಕಚ್ಚುವ ಚಪ್ಪಲಿಯನ್ನು, ಪಾಪ ಅಂಗಡಿಯವ ಅಷ್ಟು ಪೆಟ್ಟಿಗೆ ಬಿಚ್ಚಿ ತೋರಿಸಿದನಲ್ಲ ಎಂಬ ಒಂದೇ ಕಾರಣಕ್ಕೆ ತಂದು, ಮಳೆಗಾಲವಿಡೀ ಕುಂಟಿದ್ದರು. ಅದರಲ್ಲೂ ಅಂಗಡಿಯವ ಒಂದು ಲೋಟ ಚಹಾ ಕೊಟ್ಟುಬಿಟ್ಟನೋ, ಮುಗಿಯಿತು. ಚಹಾ ಕುಡಿದ ಮೇಲೆ ಸಾಮಾನು ಬೇಡ ಎನ್ನುವುದು ನಮ್ಮ ಕಡೆ ಬಹಳ ಜನರಿಗೆ ಆಗದ ಕೆಲಸ. ಅವರಿಗಂತೂ ಪ್ರಾಣಸಂಕಟ.

ಅವರು ತೀರಿಕೊಂಡು ಇನ್ನೂ ಎರಡು ಮಳೆಗಾಲ ಕಳೆದಿಲ್ಲ. ಯಲ್ಲಾಪುರದ ಕಾಲೇಜಿನಲ್ಲಿ ಗ್ರಂಥಪಾಲಕರಾಗಿದ್ದರು. ಶಿರಸಿಯ ನಮ್ಮ ಮನೆಯಿಂದ ದಿನಾ ಕಾರಿನಲ್ಲಿ ಆ ಕಡೆ ಅವರು, ಬಸ್ಸಿನಲ್ಲಿ ಈ ಕಡೆ ನಾನು. ಈಗ ಕಾರು ನನ್ನ ಪಾಲಿಗೆ ಬಂದಿದೆ. ಬಸ್ಸಿನಲ್ಲಾದರೆ ಪಕ್ಕದಲ್ಲಿ ಯಾರಾದರೂ ಕೂತು ಮಗಳ ಮದುವೆಯದೋ ಮಂಡಿನೋವಿನದೋ ಸುದ್ದಿ ಹೇಳುತ್ತಿದ್ದರು. ಕಾರಿನಲ್ಲಿ ಪಕ್ಕದ ಸೀಟಿನ ಮೇಲೆ ನನ್ನ ಬುತ್ತಿಚೀಲ ಕೂತಿರುತ್ತದೆ. ಅದಕ್ಕೆ ಮಾತು ಬರುವುದಿಲ್ಲ.

ಮಾತು ಬರುತ್ತಿದ್ದದ್ದು ಕಾರಿಗೆ. ಏರು ಬಂದಾಗ ಬಾನೆಟ್ಟಿನ ಒಳಗಿಂದ 'ಸುಂಯ್' ಎಂದು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಅವರಿದ್ದಾಗಲೇ ಶುರುವಾದದ್ದು ಅದು. ಭಾನುವಾರ ಬನವಾಸಿ ಕಡೆಗೋ ಭೈರುಂಬೆ ಕಡೆಗೋ ಹೊರಟಾಗ, "ಇದೆಂತ ಶಬ್ದ?" ಎಂದು ಕೇಳಿದರೆ, "ಅದ್ಕೆ ಎಂತೂ ಆಜಿಲ್ಲೆ ಮಾರಾಯ್ತಿ. ಏರು ಹತ್ತಕಾದ್ರೆ ಉಸಿರು ಬಿಡ್ತು. ನೀನೂ ಬಿಡ್ತಿಲ್ಯ?" ಎನ್ನುತ್ತಿದ್ದರು. ನಾನು ಸಿಟ್ಟಿನಿಂದ ಕಿಟಕಿಯ ಕಡೆ ತಿರುಗುತ್ತಿದ್ದೆ. ಆಮೇಲೆ ಒಬ್ಬಳೇ ಓಡಾಡುವಾಗ ಆ ಸಿಳ್ಳೆಯೇ ಒಂದು ಜೊತೆಯಾಗಿತ್ತು ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ.

ಆದರೆ ಈ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದು, ಕೆಂಪು ಧೂಳೆದ್ದು, ಕಾರಿಗೆ ನಿಜವಾಗಿಯೇ ದಮ್ಮು ಹತ್ತಿತು. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ತೋರಿಸಿದ್ದನ್ನು ನೋಡಿ, ಏರ್ ಫಿಲ್ಟರಿನ ಡಬ್ಬಿಯ ಕ್ಲಿಪ್ಪುಗಳನ್ನು ನಾನೇ ಬಿಚ್ಚಿದೆ. ಒಳಗೆ ಫಿಲ್ಟರಿತ್ತು. ಅದು ಡಬ್ಬಿಗಿಂತ ಒಂದು ಬೆರಳು ಕಿರಿದಾಗಿತ್ತು. ಆ ಸಂದಿಗೆ ನೀಟಾಗಿ ಒಂದು ರಬ್ಬರಿನ ಪಟ್ಟಿ ತುರುಕಿತ್ತು. ಪಟ್ಟಿಯನ್ನು ಎಳೆದು ನೋಡಿದವಳು ಹಾಗೆಯೇ ಅಂಗಳದಲ್ಲಿ ಕೂತುಬಿಟ್ಟೆ. ಅದು ನನ್ನ ಕುಕ್ಕರಿನ ಗ್ಯಾಸ್ಕೆಟ್.

ಆ ಗ್ಯಾಸ್ಕೆಟ್ಟಿಗಾಗಿ ನಾನು ಅಡುಗೆಮನೆಯನ್ನು ತಲೆಕೆಳಗು ಮಾಡಿದ್ದೆ. ಅವರೂ ಜೊತೆಗೆ ಹುಡುಕಿದ್ದರು. ಗ್ಯಾಸ್ ಸಿಲಿಂಡರನ್ನು ಸರಿಸಿ, ಟಾರ್ಚ್ ಬಿಟ್ಟು, "ಇಲಿ ಎಳ್ಕಂಡು ಹೋಗಿಕ್ಕು" ಎಂದಿದ್ದರು. ಅವರ ಮಾತು ನಂಬಿ ಇಲಿಬೋನು ಬೇರೆ ಇಟ್ಟಿದ್ದೆ. ಹೊಸ ಗ್ಯಾಸ್ಕೆಟ್ ಬರುವವರೆಗೆ ನಮ್ಮ ಮನೆಯ ಕುಕ್ಕರ್ ಕೂಗುವುದನ್ನು ನಿಲ್ಲಿಸಿತ್ತು. ಅದೇ ಹೊತ್ತಿಗೆ ಕಾರು ಕೂಗಲು ಶುರುಮಾಡಿತ್ತು. ಗಣಿತದ ಟೀಚರಿಗೆ ಈ ಎರಡನ್ನು ಕೂಡಿಸಲು ಬರಲಿಲ್ಲ ನೋಡಿ. ಕೂತಲ್ಲೇ ಜೋರಾಗಿ ನಕ್ಕೆ. ನಕ್ಕು ಮುಗಿಸಿ, ಒಳ್ಳೆಯ ಜಗಳ ತೆಗೆಯಬೇಕೆಂದು ಮನೆಯ ಬಾಗಿಲ ಕಡೆ ತಿರುಗಿದೆ. ಆಗ ಬಹಳ ಒಂಟಿ ಅನಿಸಿತು. ಇಷ್ಟು ಸ್ಪಷ್ಟವಾಗಿ ಗೆಲ್ಲಬಹುದಾದ ಜಗಳ ನನ್ನ ಸಂಸಾರದಲ್ಲಿ ಮತ್ತೊಂದು ಬಂದಿರಲಿಲ್ಲ.

ಕಪಾಟಿನಲ್ಲಿ ಹುಡುಕಿದಾಗ ಅಂಥದೇ ಇನ್ನೊಂದು ಫಿಲ್ಟರು, ಪೆಟ್ಟಿಗೆ ಒಡೆಯದ್ದು, ಸಿಕ್ಕಿತು. ಅದರ ಮೇಲೆ ಡೀಸೆಲ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ನಮ್ಮದು ಪೆಟ್ರೋಲ್ ಕಾರು. ಹೆಸರೊಂದೇ, ಎಂಜಿನ್ ಬೇರೆ, ಡಬ್ಬಿಯ ಅಳತೆಯೂ ಬೇರೆ. ರವಿಕೆ ಕಣಕ್ಕೆ ಸೀರೆ ಹೊತ್ತುಕೊಂಡು ಹೋಗುವ ಹಾಗೆ, ಕಾರನ್ನೇ ಶಿರಸಿಯ ಒಂದು ಬಿಡಿಭಾಗದ ಅಂಗಡಿಯ ಮುಂದೆ ಒಯ್ದು ನಿಲ್ಲಿಸಿ ಬಾನೆಟ್ಟು ತೆರೆದೆ. ಕಂಪನಿಯದಲ್ಲದ ಬೇರೆ ಬೇರೆ ಮಾಲು ಇತ್ತು. ಒಂದರ ಅಂಚು ಮೆತ್ತಗಿದ್ದು ಮೂಲೆಯಲ್ಲಿ ಮೇಲೆದ್ದಿತು. ಇನ್ನೊಂದು ದಪ್ಪವಾಗಿ, ಕ್ಲಿಪ್ ಹಾಕಲು ಮೊಣಕೈ ಊರಬೇಕಾಯಿತು. "ಒತ್ತಿದ್ರೆ ಕೂರ್ತದೆ ಮೇಡಂ" ಎಂದ ಅಂಗಡಿಯವ. ಒತ್ತಿದ್ದರ ಫಲ ಮನೆಯಲ್ಲೇ ನೋಡಿದ್ದೇನಪ್ಪ ಎಂದು ಅದನ್ನೂ ವಾಪಸ್ ಕೊಟ್ಟೆ. ಕೊನೆಗೆ ಒಂದರ ಅಂಚು ಎಲ್ಲ ಕಡೆ ಸಮನಾಗಿ ಕೂತಿತು, ಬೆರಳಲ್ಲಿ ಒತ್ತಿದ್ದಕ್ಕೇ ಕ್ಲಿಪ್ಪುಗಳು ಬಿದ್ದವು. ಕಾರು ಏರಿನಲ್ಲಿ ಸಲೀಸಾಗಿ ಹತ್ತಿತು. ಸಿಳ್ಳೆ ಪೂರ್ತಿ ನಿಂತುಹೋಯಿತು. ಸಿದ್ದಾಪುರದವರೆಗೆ ನಾನು ಮತ್ತು ಬುತ್ತಿಚೀಲ.

ಉಳಿದದ್ದು ಕಪಾಟಿನ ಫಿಲ್ಟರು. ತಪ್ಪು ಮಾಲು ಮಾರಿದವರಿಗೆ ವಾಪಸ್ ಕೊಡದಿದ್ದರೆ ನಾನು ನಾನಲ್ಲ. ರಜೆಯ ದಿನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಪೆಟ್ಟಿಗೆಗೆ ಅಂಟಿಸಿದ್ದ ಬಿಲ್ಲಿನ ವಿಳಾಸ ಹಿಡಿದು ಯಲ್ಲಾಪುರಕ್ಕೆ ಹೋದೆ. ಅಂಗಡಿ ಬಶೀರ್ ಭಾಯಿಯವರದು. ಇಂಥವರ ಮನೆಯವಳು ಎಂದದ್ದೇ ಎದ್ದು ನಿಂತರು.

"ಬರ್ರಿ ಅಕ್ಕಾ, ಕೂತ್ಕೊಳ್ರಿ. ಆ ಕುರ್ಚಿ ಬ್ಯಾಡ, ಅದರ ಕಾಲು ಅಲ್ಲಾಡ್ತದೆ. ಸರ್‌ಗೆ ಮಾತ್ರ ಅದೇ ಬೇಕಿತ್ತು."

ನಾನು ಅದರಲ್ಲೇ ಕೂತೆ. ಚಹಾ ಬಂತು. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಖಾರಿ ಬಿಸ್ಕತ್ತೂ ಬಂತು. ಸಂಜೆ ಕಾಲೇಜು ಬಿಟ್ಟ ಮೇಲೆ ಅವರು ಇಲ್ಲಿಗೆ ಬರುತ್ತಿದ್ದದ್ದು, ಖಾರಿಯನ್ನು ಚಹಾದಲ್ಲಿ ಅದ್ದಿ ಅರ್ಧ ಮುಳುಗಿಸಿಕೊಳ್ಳುತ್ತಿದ್ದದ್ದು, ಭಾಯಿಯ ಮೊಮ್ಮಗಳಿಗೆ ಓದಲು ಪುಸ್ತಕ ತಂದುಕೊಡುತ್ತಿದ್ದದ್ದು, ಒಂದೂ ನನಗೆ ಗೊತ್ತಿರಲಿಲ್ಲ. ಬಸ್ಸಿನ ಪಕ್ಕದ ಸೀಟಿನವರ ಹಾಗೆ ಭಾಯಿ ಹೇಳುತ್ತಲೇ ಇದ್ದರು. ನಾನು ಫಿಲ್ಟರಿನ ಪೆಟ್ಟಿಗೆಯನ್ನು ಚೀಲದಿಂದ ಅರ್ಧ ಹೊರಗೆಳೆದಿದ್ದೆ.

"ಹಾಂ, ಅದೇ ಫಿಲ್ಟರ್. ಆ ಮಾಲು ಈಗ ಯಾರೂ ಕೇಳೂದಿಲ್ಲ ಅಕ್ಕಾ. ಸರ್‌ಗೆ ಅಂತ್ಲೇ ಹುಬ್ಬಳ್ಳಿಯಿಂದ ತರಿಸ್ತಿದ್ದೆ. ಗಾಡಿಗೆ ಸರಿ ಕೂತದಲ್ಲ?"

ಪೆಟ್ಟಿಗೆಯನ್ನು ಮತ್ತೆ ಚೀಲದೊಳಕ್ಕೆ ತಳ್ಳಿದೆ.

"ಅಳತೆ ತಗೊಂಡು ಮಾಡಿದ ಹಾಗೆ ಕೂತಿದೆ ಭಾಯಿ" ಎಂದೆ.

"ಸರ್ ಕೂಡ ಹಿಂಗೇ ಹೇಳ್ತಿದ್ರು" ಎಂದು ಭಾಯಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಅಂಥದೇ ಇನ್ನೊಂದು ಪೆಟ್ಟಿಗೆಯ ಧೂಳು ಕೊಡವಿ ತಂದು ನನ್ನ ಮುಂದೆ ಇಟ್ಟರು. ದುಡ್ಡು ಕೊಟ್ಟು ತೆಗೆದುಕೊಂಡೆ. ಮುಂದಿನ ಸಲಕ್ಕೂ ಒಂದು ತರಿಸಿಡಲಾ ಎಂದು ಕೇಳಿದರು. ತರಿಸಿಡಿ ಎಂದೆ.

ಒಂದು ಫಿಲ್ಟರು ವಾಪಸ್ ಕೊಡಲು ಹೋದವಳು ಎರಡನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಶಿರಸಿಗೆ ಬಂದೆ. "ಎಂತ, ವಾಪಸ್ ಕೊಟ್ಟಿಕ್ಕೆ ಬಂದ್ಯ?" ಎಂದು ಕೇಳಿ ನಗುವವರು ಮನೆಯಲ್ಲಿ ಇಲ್ಲದ್ದು ಅವತ್ತೊಂದು ದಿನ ಅನುಕೂಲವೇ ಆಯಿತು ಎಂದು ದಾರಿಯುದ್ದಕ್ಕೂ ಸಮಾಧಾನಪಟ್ಟುಕೊಂಡೆ. ಬಾಗಿಲ ಬೀಗ ತೆಗೆಯುವವರೆಗೆ ಆ ಸಮಾಧಾನ ಇತ್ತು.