ಹತ್ತು ಹೆಜ್ಜೆ ದೂರದ ಸ್ಟೂಲು

ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸೋಮವಾರ, ಶಾಲೆಗೆಂದು ಹೊರಟವನು ಮನೆ ಬಿಟ್ಟು ಸಿರವಾರ ದಾಟಿ ಹೋಗಿಬಿಟ್ಟೆ. ಅವತ್ತಿನಿಂದ ಕಾಲು ಒಂದು ಕಡೆ ನಿಂತಿಲ್ಲ. ಮಾನ್ವಿಯ ಡಾಕ್ಟರೊಬ್ಬರ ದವಾಖಾನೆಯಲ್ಲಿ ಮಾತ್ರ ನಾಲ್ಕು ವರ್ಷ ಬಾಗಿಲು ಕಾದೆ. ಅಲ್ಲಿ ದಿನಾ ಏನಾದರೊಂದು ನಡೆಯುತ್ತಿತ್ತು. ನಗಬೇಕೆಂದರೆ ಹೊರಗೆ ಹೋಗಿ ನಗಬೇಕು, ಅಷ್ಟೇ.

ಹೊತ್ತು ತಂದವರು

ಪೇಷಂಟಿನ ಸ್ಟೂಲು ಬಾಗಿಲಿಂದ ಹತ್ತು ಹೆಜ್ಜೆ ದೂರ ಇರಬೇಕು. ಅದು ಡಾಕ್ಟರ ಕಾನೂನು. “ಮಂದಿ ನಡಕೊಂತ ಬರಲಿ. ಅರ್ಧ ರೋಗ ನಡಿಗ್ಯಾಗ ಕಾಣ್ತದ.”

ದೇವದುರ್ಗದ ಕಡೆಯ ಇಬ್ಬರು ಗಂಡುಮಕ್ಕಳು ಮುದುಕಿ ತಾಯಿಯನ್ನು ಹೊತ್ತು ತಂದರು. “ಇಳಸ್ರಿ, ನಡೀಲಿ” ಅಂದರು ಡಾಕ್ಟರು. ಮುದುಕಿ ಸೆರಗು ಸರಿ ಮಾಡಿಕೊಂಡು ಸರಸರ ನಡೆದು ಸ್ಟೂಲಿನ ಮೇಲೆ ಕೂತಳು. ಬರೀ ಕೆಮ್ಮು.

“ಮತ್ತ ಯಾಕ ಹೊರಿಸ್ಕೊಂಡಿ ಯವ್ವಾ?”

“ಸಣ್ಣವರಿದ್ದಾಗ ಇಬ್ರನ್ನೂ ನಾನೇ ಹೊತ್ತೀನಿ ಯಪ್ಪಾ. ತಾವಾಗೇ ಹೊರ್ತೀವಿ ಅಂದ್ರು, ಬ್ಯಾಡ ಅನ್ಲೇನು?”

ಚೀಲ

ರಾಯಚೂರಿನ ರೈಸ್‌ಮಿಲ್ ಸಾಹುಕಾರರು ಎದೆನೋವೆಂದು ಚೀಲದ ತುಂಬ ರಿಪೋರ್ಟು ತಂದರು. ಹೃದಯ ಛಲೋ ಅದ ಅಂತ ಎಲ್ಲದರಲ್ಲೂ ಬರೆದಿತ್ತು. ಡಾಕ್ಟರು ಅಂಗಿ ಬಿಚ್ಚಿಸಿದರು. ಪಕ್ಕೆಯ ಮೇಲೆ ಸಾಲಾಗಿ ಗುಳ್ಳೆ, ಸರ್ಪಸುತ್ತು. ಅಷ್ಟು ದಿನ ಎಲ್ಲರೂ ಎದೆಗೆ ಮಷೀನು ಹಚ್ಚಿದ್ದರು, ಪಕ್ಕೆ ಯಾರೂ ನೋಡಿರಲಿಲ್ಲ.

ಸಾಹುಕಾರರಿಗೆ ಮಾತ್ರ ಬೇಜಾರು. “ಇಷ್ಟು ದೊಡ್ಡ ಚೀಲ ತಂದೀನಿ, ನೀವು ನನ್ನ ನೋಡಾಕತ್ತೀರಲ್ರೀ.”

ಬಲಗೈ

ನೋಡಿ ನೋಡಿ ನನಗೂ ನಡಿಗೆ ಅಳೆಯುವ ಕಣ್ಣು ಬಂದಿತ್ತು. ಒಂದು ಚಳಿಗಾಲ ಡಾಕ್ಟರ ಹೆಜ್ಜೆ ಗಿಡ್ಡವಾಯಿತು. ನಡೆವಾಗ ಎಡಗೈ ಬೀಸುತ್ತಿತ್ತು, ಬಲಗೈ ಇಲ್ಲ. ಅಕ್ಷರ ಇರುವೆಯಷ್ಟಾಯಿತು. “ಡಾಕ್ಟ್ರು ಮಸಿ ಉಳಿಸಾಕತ್ತಾರ” ಎಂದು ಔಷಧಿ ಅಂಗಡಿಯವನು ನಕ್ಕ. ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಕಡೆಗೆ ಡಾಕ್ಟರಿಗೇ ಹೇಳಿದೆ.

ಡಾಕ್ಟರು ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂಡಿಸಿ, ಬಾಗಿಲಿಂದ ನಡೆದು ಬಂದು ಸ್ಟೂಲಿನ ಮೇಲೆ ಕೂತರು. “ಹೇಳ್ರಿ ಡಾಕ್ಟ್ರೇ.”

“ಬಲಗೈ ಆಡವಲ್ದುರೀ.”

“ಹೌದಲೇ. ಊರ ಮಂದಿ ನಡಿಗಿ ನೋಡಿದೆ. ನನ್ನ ನಡಿಗಿ ನೋಡಾಕ ನನಗೆ ಕುರ್ಚಿ ಎಲ್ಲದ?”

ರಾಯಚೂರಿನ ದೊಡ್ಡ ಡಾಕ್ಟರೂ ಅದನ್ನೇ ಅಂದರು. ನರದ ರೋಗ, ವಾಸಿಯಾಗುವಂಥದ್ದಲ್ಲ. “ಕೈ ಮಾತು ಕೇಳದಾಗ ಪೇಷಂಟ್‌ನ ಮುಟ್ಟಬಾರ್ದು” ಎಂದು ನಮ್ಮ ಡಾಕ್ಟರು ದವಾಖಾನೆ ಮುಚ್ಚಿದರು.

ನಿನ್ನೆ ನಾನು ಎರಡು ಅಂಗಿ, ಒಂದು ಚಾದರ ಚೀಲಕ್ಕೆ ತುಂಬಿದೆ. ಕಾಲು ಮುಟ್ಟಿ ಎದ್ದು ಬಾಗಿಲ ಕಡೆ ಹೊರಟರೆ ಹಿಂದಿನಿಂದ ಡಾಕ್ಟರ ದನಿ: “ನಿಂದ್ರು. ಮತ್ತೊಮ್ಮೆ ನಡಿ, ನೋಡ್ತೀನಿ.”

ನಡೆದೆ.

“ಕಾಲಿಗೇನೂ ಆಗಿಲ್ಲಲೇ. ಮನಿ ಬಿಟ್ಟು ಓಡಿ ಬಂದವ, ಇಷ್ಟು ಸಾವಕಾಶ ಯಾಕ ಹೊಂಟಿ?”