ನಮ್ಮ ಭಾವನ ಮೂರು ಅಸಲು ಪುಸ್ತಕ

ನಮ್ಮ ಭಾವ ಸತ್ತವರನ್ನು ಎಬ್ಬಿಸುತ್ತಿದ್ದರು ಎಂದರೆ ನೀವು ನಗುತ್ತೀರಿ. ನಗಿ! ಒಬ್ಬರನ್ನಂತೂ ಎರಡು ಸಲ ಎಬ್ಬಿಸಿದ್ದನ್ನು ನಾನೇ ಕಂಡಿದ್ದೇನೆ. ಮಂತ್ರದಿಂದಲ್ಲ, ಬಾಲ್ ಪೆನ್ನಿನಿಂದ.

ಅಕ್ಕನ ಗಂಡನಾದ ಈ ಮಹಾಶಯರಿಗೆ ಇದ್ದ ಹುಚ್ಚು ಒಂದೇ, ವಿಳಾಸ! ಮಾಸ್ತಿಕಟ್ಟೆ ಕಡೆ ಅಣೆಕಟ್ಟು ಬರುತ್ತದೆಂದು ಜನ ಗಂಟುಮೂಟೆ ಕಟ್ಟಿ ದಿಕ್ಕಿಗೊಬ್ಬರು ಹೊರಟ ಕಾಲ ಅದು. ಭಾವನ ತಂಗಿಯ ಮನೆಯೂ ಹಾಗೇ ಎದ್ದಿತು. ಸಾವಿನ ಸುದ್ದಿಯನ್ನು ಬಾಗಿಲಿಗೆ ಹೋಗಿ ಹೇಳುವುದು ನಮ್ಮಲ್ಲಿ ಪದ್ಧತಿ. ತಮ್ಮ ಅಪ್ಪ ತೀರಿಕೊಂಡಾಗ ಭಾವ ತಂಗಿಯ ಊರಿಗೆ ಜನ ಕಳಿಸಿದರು. ಹೋದವನು ಕಂಡದ್ದು ಹೆಂಚು ತೆಗೆದ ಖಾಲಿ ಗೋಡೆ. ತಂಗಿಗೆ ಗೊತ್ತಾಗಿದ್ದು ತಿಂಗಳಾದ ಮೇಲೆ, ಸಂತೆಯಲ್ಲಿ ಯಾರದೋ ಬಾಯಿಂದ. "ಅಪ್ಪನ ಸಾವಿಗೂ ಹೇಳದವನು ಎಂತಾ ಅಣ್ಣ?" ಎಂದಳಂತೆ. ಆಮೇಲೆ ಎಲ್ಲಿದ್ದಾಳೆಂದೇ ತಿಳಿಸಲಿಲ್ಲ.

ಭಾವ ಮೂರು ದಪ್ಪ ಪುಸ್ತಕ ತಂದರು. ಸಾಗರದ ಟೈಲರ್ ಅಂಗಡಿಗೊಂದು, ಹೊಸನಗರದ ಹೋಟೆಲಿಗೊಂದು, ತೀರ್ಥಹಳ್ಳಿಯ ಸೈಕಲ್ ಶಾಪಿಗೊಂದು. ಮನೆ ಬದಲಿಸಿದವರು ಯಾವುದರಲ್ಲಾದರೂ ಹೊಸ ವಿಳಾಸ, ತಾರೀಖು ಬರೆಯಬಹುದು, ಬೇಕಾದವರು ನೋಡಿಕೊಳ್ಳಬಹುದು. ಭಾವ ವಾರಕ್ಕೊಮ್ಮೆ ಬಸ್ಸಿನಲ್ಲಿ ಸುತ್ತಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನೆಲ್ಲ ತುಂಬಿಸುತ್ತಿದ್ದರು. ಒಬ್ಬರಿಗೇ ಎರಡು ವಿಳಾಸ ಬಂದರೆ? ಈಚಿನ ತಾರೀಖಿನದೇ ಸತ್ಯ! ಮೂರರಲ್ಲೂ ಮೊದಲ ಹೆಸರು ತಂಗಿಯದು. ಅದರ ಮುಂದೆ ಖಾಲಿ.

"ಅಲ್ಲ ಮಾರಾಯ್ರೆ, ಇದ್ರಲ್ಲಿ ಅಸಲು ಯಾವ್ದು?" ಎಂದು ಟೈಲರ್ ಒಮ್ಮೆ ಕೇಳಿದ.

"ಮೂರೂ ಅಸಲೇ."

"ಅದ್ ಹ್ಯಾಂಗಾಗ್ತದೆ?"

"ನಿಂಗೆ ಮಕ್ಕಳೆಷ್ಟು?"

"ಮೂರು."

"ಅದ್ರಲ್ಲಿ ನಕಲು ಯಾವ್ದು?"

ಟೈಲರ್ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದ.

ಇನ್ನು ಸತ್ತವರ ಕಥೆ. ಸಾಗರದ ಒಬ್ಬ ಅಜ್ಜ ತೀರಿಕೊಂಡರು. ಮೊಮ್ಮಗ ಬಂದು ಸಾಗರದ ಪುಸ್ತಕದಿಂದ ಹೆಸರನ್ನು ಬ್ಲೇಡಿನಲ್ಲಿ ನೀಟಾಗಿ ಕೆರೆದ. ಆ ವಾರ ಭಾವ ನೋಡುತ್ತಾರೆ, ಹೊಸನಗರದಲ್ಲಿ ಅಜ್ಜ ಇದ್ದಾರೆ, ಸಾಗರದಲ್ಲಿ ಇಲ್ಲ! "ಅಯ್ಯೋ, ಬಿಟ್ಟೇ ಹೋಗಿದ್ಯಲ್ಲ" ಎಂದು ಮತ್ತೆ ಬರೆದರು. ಮೊಮ್ಮಗ ಮತ್ತೆ ಕೆರೆದ. ಭಾವ ಮತ್ತೆ ಬರೆದರು. ಕೊನೆಗೆ ಹಾಳೆ ತೂತಾಯಿತು, ಅಜ್ಜನಿಗೆ ಅಂಚೆಯಲ್ಲಿ ಮದುವೆ ಕರೆಯೋಲೆಯೂ ಬಂತು!

"ನಮ್ಮಜ್ಜನ್ನ ಮಲಗಕ್ಕೆ ಬಿಡ್ತೀರೊ ಇಲ್ವೊ?" ಎಂದು ಮೊಮ್ಮಗ ಕೂಗಾಡಿದ.

ಭಾವ ಹಾಳೆಯ ತೂತಿನ ಮೇಲೆ ಬೆರಳಿಟ್ಟರು. "ಕೆರೀಬಾರ್ದಿತ್ತು ನೀನು. ಸತ್ತೋರನ್ನ ಸತ್ರು ಅಂತ ತಾರೀಖು ಹಾಕಿ ಬರ್ದಿಡ್ಬೇಕು. ಇಲ್ದಿದ್ರೆ ಎದ್ದು ಬರ್ತಾರೆ!"

ಒಮ್ಮೆ ನಾನೂ ಜೊತೆಗೆ ಹೋದೆ. ಹೊಸನಗರ ದಾಟಿದ ಮೇಲೆ ಭಾವ ಕಿಟಕಿಗೆ ತಲೆ ಆನಿಸಿ, ಅರೆಗಣ್ಣಿನಲ್ಲಿ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು. ಒಂದೊಂದು ಹೆಸರಿಗೂ ಮಂಜಿನೊಳಗಿಂದ ಒಂದು ಮನೆ ಎದ್ದುಬಂದು, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದು, ಹಿಂದೆ ಉಳಿದಂತೆ ಕಾಣುತ್ತಿತ್ತು. ನನಗೂ ಜೊಂಪು ಹತ್ತಿತು. ಊರಿಗೆ ಊರೇ ಬಾಗಿಲು, ತೊಟ್ಟಿಲು ಸಮೇತ ನೀರಿನಲ್ಲಿ ಮೆಲ್ಲಗೆ ತೇಲುತ್ತ ಜಾಗ ಹುಡುಕುತ್ತಿದೆ...

"ಗೊರಕೆ ಹೊಡೀಬೇಡ ಮಾರಾಯ! ಮೂವತ್ತೆರಡನೇ ಹೆಸ್ರು ತಪ್ಪಿಹೋಯ್ತು!"

ತೀರ್ಥಹಳ್ಳಿಯಲ್ಲಿ ಇಳಿದಾಗ ಸೈಕಲ್ ಶಾಪಿನವನು ಟ್ಯೂಬಿಗೆ ಪಂಕ್ಚರ್ ಹಾಕುತ್ತಲೇ ಹೇಳಿದ: "ನಿನ್ನೆ ಯಾರೋ ಹೆಂಗಸ್ರು ಬಂದಿದ್ರು. ಮೊದ್ಲನೇ ಪುಟ ನೋಡ್ತಾ ಸುಮಾರು ಹೊತ್ತು ನಿಂತಿದ್ರಪ್ಪ."

ಭಾವ ಪುಸ್ತಕ ತೆರೆದರು. ತಂಗಿಯ ಹೆಸರಿನ ಮುಂದೆ ದುಂಡಗಿನ ಅಕ್ಷರದಲ್ಲಿ ಮೇಗರವಳ್ಳಿ ಹತ್ತಿರದ ಒಂದು ಊರು.

"ಭಾವ, ಇನ್ನೆರಡಕ್ಕೆ ಇಳಿಸ್ಕೊಳ್ಳಾದು ಬ್ಯಾಡ್ವಾ?" ಎಂದೆ. ಅವರು ಆಗಲೇ ಆಗುಂಬೆ ಬಸ್ಸಿನ ಹಿಂದೆ ಓಡುತ್ತಿದ್ದರು!

ಆ ಮನೆ ಮುಟ್ಟಿದಾಗ ತಂಗಿ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದಳು. ಕೈ ನಿಂತಿತು. ಭಾವ ಚಪ್ಪಲಿ ಬಿಟ್ಟು, ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು, ಸಾವು ಹೇಳಲು ಬಂದವರು ನಿಲ್ಲುವ ಹಾಗೆ ಬಾಗಿಲ ಹೊರಗೇ ನಿಂತರು.

"ಅಪ್ಪಯ್ಯ ತೀರ್ಕೊಂಡ್ರು ಕಣೇ" ಎಂದರು.

ಆರು ವರ್ಷವಾಗಿತ್ತು. ಅವಳು ಮೊರವನ್ನು ಕೆಳಗಿಟ್ಟಳು.

"ಯಾವಾಗ, ಅಣ್ಣಯ್ಯ?" ಎಂದು ಕೇಳಿ, ಸುದ್ದಿ ಅವತ್ತೇ ತಿಳಿದವಳ ಹಾಗೆ ಅತ್ತಳು.